ಅಪ್ಪನ ಹೆಸರಿಲ್ಲದ ಕುಲ

ಯಾವಾಗ ಅಂತ ಕೇಳಬೇಡಿ. ನೋಡಿದ ಕಣ್ಣೆಲ್ಲ ಮಣ್ಣಾಗಿವೆ. ಕಡಲಿನಾಚೆ ಸ್ಕಾಟ್ಲೆಂಡ್ ಅಂತ ಒಂದು ನಾಡು. ಚಳಿ, ಕುರಿ, ಬೋಳುಗುಡ್ಡ. ಅಲ್ಲಿ ಗಂಡಸರೂ ಸೊಂಟಕ್ಕೆ ಉಣ್ಣೆ ಬಟ್ಟೆ ಸುತ್ತುತ್ತಿದ್ದರು. ನಗಬೇಡಿ. ನಿಮ್ಮ ಪಂಚೆ ಕಂಡರೆ ಅವರೂ ನಗುತ್ತಾರೆ.

ಒಂದೊಂದು ಕುಲಕ್ಕೆ ಒಂದೊಂದು ಗೆರೆಯ ಕಂಬಳಿ. ದೂರದಿಂದ ಮುಖ ಕಾಣುತ್ತದಾ? ಇಲ್ಲ. ಕಂಬಳಿ ನೋಡಿಯೇ ನಮ್ಮವ, ಹೊರಗಿನವ ಅನ್ನುತ್ತಿದ್ದರು.

ಅಲ್ಲಿ ದೂಗಲ ಅಂತ ಒಬ್ಬ. ಹೊಸದಾಗಿ ಗುಡ್ಡ ಹಿಡಿದು ಮನೆ ಕಟ್ಟಿದವ. ಅವನಿಗಿನ್ನೂ ಕುಲ ಇಲ್ಲ. ಹೆಂಡತಿ ಮೈರಿ. ತೊಟ್ಟಿಲಲ್ಲಿ ಮಗ ಈವನ್. ಅಷ್ಟೆ.

ಒಂದು ಮಧ್ಯಾಹ್ನ ಪರಕುಲದವನೊಬ್ಬ ಕುಂಟುತ್ತ ಬಂದ. ಕೆಂಪು ಗೆರೆಯ ಕಂಬಳಿ. ಕಾಲೆಲ್ಲ ರಕ್ತ.

"ಅಕ್ಕಾ, ಬೆನ್ನು ಹತ್ತಿದ್ದಾರೆ."

"ಮೊದಲು ಗಂಜಿ ಉಣ್ಣು," ಅಂದಳು ಮೈರಿ.

ಉಂಡ. ಕೇಳಿ, ಆ ನಾಡಿನಲ್ಲಿ ಒಲೆ ಮುಂದೆ ಉಂಡವನನ್ನು ಹಿಡಿದುಕೊಡಬಾರದು. ನಿಮ್ಮಪ್ಪನನ್ನು ಕೊಂದವನಾದರೂ ಕೊಡಬಾರದು.

ದೂಗಲ ಹೊರಗೆ ಕುರಿ ಹತ್ತಿರ ಇದ್ದ. ಬಿಲ್ಲು ಹಿಡಿದವರು ಬಂದರು.

"ಅವನೆಲ್ಲಿ?"

"ಗೊತ್ತಿಲ್ಲ."

"ಅವನೆಲ್ಲಿ? ನಿನ್ನ ಕುರಿ ಕೊಯ್ತೀವಿ."

"ಗೊತ್ತಿಲ್ಲ."

"ಅವನೆಲ್ಲಿ? ನಿನ್ನ ಮನೆ ಸುಡ್ತೀವಿ."

ದೂಗಲ ಬಾಯಿ ಬಿಟ್ಟ. "ಮನೆ ಸುಡಬೇಡಿ. ಹಳ್ಳದಲ್ಲಿ ಅವಿತುಕೊಳ್ಳಿ, ಅವನನ್ನು ಅತ್ತ ಕಳಿಸ್ತೀನಿ. ಕೆಂಪು ಗೆರೆ ಕಂಡರೆ ಹೊಡೀರಿ."

ಒಳಗೆ ಬಂದು ಹೆಂಡತಿಗೆ ಹೇಳಿದ. "ಅವರು ಮುಂದೆ ಹೋದರು. ಹಳ್ಳ ಖಾಲಿ ಇದೆ. ಇವನನ್ನು ಆ ದಾರಿಯಲ್ಲಿ ಸಾಗಹಾಕು." ಹೇಳಿ ಕುರಿ ಹತ್ತಿರ ಹೋಗಿ ನಿಂತ. ಅವಳ ಮುಖ ನೋಡಲಿಲ್ಲ.

ಮೈರಿ ಅತಿಥಿಯ ಕಾಲು ನೋಡಿದಳು. ಇವನೆಲ್ಲಿ ನಡೆದಾನು?

"ನಿನ್ನ ಕಂಬಳಿ ಕೊಡಪ್ಪ. ಹಳ್ಳ ಖಾಲಿಯಂತೆ, ನಮ್ಮವರು ಹೇಳಿದರು. ಇದನ್ನು ಹೊದ್ದು ದಾಟಿ ಆಚೆ ಗುಡ್ಡ ಹತ್ತುತ್ತೇನೆ. ಅವರು ದೂರದಿಂದ ಕಂಡು, ನೀನೇ ಅಂದುಕೊಂಡು ಅತ್ತಲೇ ಹೋಗಲಿ. ನೀನು ಇಲ್ಲೇ ಮಲಗು."

ಹೋದಳು. ಬಾಣ ಬಂತು.

ದೂಗಲ ಕಿರುಚಿದ ದನಿ ಕೇಳಿ ಓಡಿದ. ಗಂಡಸಿನ ದನಿ ಅಲ್ಲ ಅದು. ಬಾಣ ಬಿಟ್ಟವರು ಮುಖ ನೋಡಿ, ಬಿಲ್ಲು ಎಸೆದು ಹೋಗಿದ್ದರು. ಮೈರಿಗೆ ಇನ್ನೂ ಉಸಿರಿತ್ತು.

"ಹಳ್ಳ ಖಾಲಿ ಅಂದಿದ್ದಿರಲ್ಲಾ," ಅಂದಳು.

ಅಷ್ಟೇ ಅಂದಳು.

ಅತಿಥಿ ಬದುಕಿ ತನ್ನ ಊರಿಗೆ ಹೋದ. ದೂಗಲ ಯಾರಿಗೂ ಏನೂ ಹೇಳಲಿಲ್ಲ. ಮಗ ದೊಡ್ಡವನಾದ. ಮದುವೆ ಬಂತು. ಹೊಸ ಮನೆತನದ ಮೊದಲ ಮದುವೆಯಲ್ಲಿ ಅಪ್ಪನ ಹೆಸರು ಕೂಗುತ್ತಾರೆ. ಕೂಗಿದ ಹೆಸರೇ ಕುಲದ ಹೆಸರು.

ಊರ ಹಿರಿಯ ಎದ್ದು ನಿಂತ. "ದೂಗಲನ ಮಕ್ಕಳು ಅಂತ ಕೂಗಲಾ?"

"ಬೇಡ," ಅಂದ ದೂಗಲ.

"ಯಾಕೋ ಮುದುಕಾ, ನಾಚಿಕೆಯಾ? ವರ ನೀನಲ್ಲ!"

ಎಲ್ಲರೂ ನಕ್ಕರು. ದೂಗಲ ನಗಲಿಲ್ಲ. ನೆಲ ನೋಡುತ್ತ ಎಲ್ಲ ಹೇಳಿದ. ಗಂಜಿ, ಬಿಲ್ಲು, ಕೆಂಪು ಗೆರೆ. ಅವಳ ಕೊನೆಯ ಮಾತೂ ಹೇಳಿದ.

ಈವನ್ ಅಪ್ಪನ ಮುಂದೆ ಬಂದು ನಿಂತ.

"ಅಪ್ಪಾ, ಇಷ್ಟು ವರ್ಷ ಎದೆ ಉಬ್ಬಿಸಿ ನಿನ್ನ ಹೆಸರು ಹೇಳಿಕೊಂಡು ತಿರುಗಿದೆನಲ್ಲ."

ಆಮೇಲೆ ತಾನೇ ಕೂಗಿದ. "ನಾವು ಮೈರಿಯ ಮಕ್ಕಳು!"

ಜನ ಕೂಗಿದರು. ದೂಗಲನೂ ಬಾಯಿ ತೆರೆದ. ದನಿ ಬರಲಿಲ್ಲ.

ಈಗ ಆ ಕುಲ ದೊಡ್ಡದು. ಮದುವೆಯಲ್ಲಿ ಹಿರಿಯರ ಹೆಸರು ಒಂದೊಂದಾಗಿ ಹೇಳುತ್ತಾರಂತೆ. ಮೈರಿ ಅನ್ನುತ್ತಾರೆ. ಆಮೇಲೆ ಒಂದು ಉಸಿರಿನಷ್ಟು ಹೊತ್ತು ತಲೆ ತಗ್ಗಿಸಿ ನಿಲ್ಲುತ್ತಾರೆ. ಆಮೇಲೆ ಈವನ್ ಅನ್ನುತ್ತಾರೆ.

ಕಥೆ ಅವರ ಗುಡ್ಡಕ್ಕೆ. ಏಳಿ, ನೀವು ನಿಮ್ಮ ನಿಮ್ಮ ಮನೆಗೆ.