ಹನ್ನೆರಡನೆಯ ಬಾಗಿಲು

ಕಟ್ಟುಕತೆಯೆಂದು ನಗುವವರು ನಗಲಿ. ಜೊಸಾಯ ಟ್ರೆಂಬತ್ ಪಾದ್ರಿಗಳು ನಮ್ಮಜ್ಜಿಗೆ ಒಡಹುಟ್ಟಿದ ಅಣ್ಣ. ಅವರು ಸುಳ್ಳಾಡಿದ್ದುಂಟು, ಆದರೆ ಈ ವಿಷಯದಲ್ಲಿ ಅಲ್ಲ.

ಸಾವಿರದ ಒಂಬೈನೂರ ಹದಿನೇಳರ ಮಾರ್ಚ್. ಸಮುದ್ರದಾಚೆ ಫ್ರಾನ್ಸಿನ ಯುದ್ಧದಲ್ಲಿ ಯಾರ ಮಗ ಮಡಿದರೂ ತಂತಿ ಮೊದಲು ಪಾದ್ರಿಗಳ ಕೈಗೆ ಬರುತ್ತಿತ್ತು. ಅವರೇ ನಡೆದುಹೋಗಿ ಮನೆಯವರಿಗೆ ತಿಳಿಸಬೇಕು. ನಮ್ಮೂರಲ್ಲಿ ಹನ್ನೊಂದು ಬಾಗಿಲು ತಟ್ಟಿದ್ದಾಗಿತ್ತು. ಅಂದು ಮಧ್ಯಾಹ್ನದ ತಂತಿಯಲ್ಲಿದ್ದುದು ಲೆಫ್ಟಿನೆಂಟ್ ಕ್ಲೆಮೆಂಟ್ ವಾರ್ಕೋನ ಹೆಸರು.

ಇಪ್ಪತ್ತೆಂಟರ ಹರೆಯ, ವಿಧವೆಗೆ ಒಬ್ಬನೇ ಮಗ, ಊರ ಶಾಲೆಯ ಮೇಷ್ಟರು. ಲೆಕ್ಕ ತಪ್ಪಿದ ಹುಡುಗನನ್ನು ಹೊಡೆಯದೆ, ಗೋಧಿಯ ಹೊಲಕ್ಕೆ ಕರೆದೊಯ್ದು ಹೆಜ್ಜೆಯಲ್ಲಿ ಅಳೆಸಿ ಕಲಿಸಿದವನು. ಟ್ರೆಂಬತ್ತರು ಪ್ರಸಂಗಪೀಠದಿಂದ "ದೇವರು ಕರೆಯುತ್ತಿದ್ದಾನೆ" ಎಂದು ಗುಡುಗಿ ಸೈನ್ಯಕ್ಕೆ ಹುಡುಗರನ್ನು ಕರೆದ ಭಾನುವಾರ ಅವನು ಎದ್ದು ನಿಂತನು. ಅವನನ್ನು ನೋಡಿ ಅವನ ಹಳೆಯ ಶಿಷ್ಯರು ಹನ್ನೊಂದು ಮಂದಿ ಎದ್ದರು. ಫ್ರಾನ್ಸಿನಲ್ಲಿ ಆ ಹನ್ನೊಂದು ಮಂದಿಯೂ ಅವನ ಕಣ್ಣೆದುರೇ ಮುಗಿದರು. ಪ್ರತಿಯೊಬ್ಬ ತಾಯಿಗೂ ಅವನು ಕಾಗದ ಬರೆದನು: ಗುಂಡು ತಗುಲಿದೊಡನೆ ಪ್ರಾಣ ಹೋಯಿತು, ನೋವೇ ತಿಳಿಯಲಿಲ್ಲ. ಬಾಗಿಲಲ್ಲಿ ಪಾದ್ರಿಗಳು ನುಡಿದದ್ದೂ ಅದೇ ಮಾತು.

ಕತ್ತಲಾಗುವವರೆಗೂ ಟ್ರೆಂಬತ್ತರಿಗೆ ಕುರ್ಚಿ ಬಿಟ್ಟೇಳಲಾಗಲಿಲ್ಲ. ಕೊನೆಗೆ ಬೀದಿಗಿಳಿದರು. ಇಳಿದ ಕೂಡಲೇ ಕದಗಳು ಮುಚ್ಚಿಕೊಂಡವು. ಧಡ್... ಧಡ್... ಚಿಲಕದ ಖಟ್. ಕಿಟಕಿಯ ಸಂದಿಯಿಂದ ಹ್ಯಾರಿಯೆಟ್ ಪೆನ್‌ಬರ್ತಿ ಕೂಗಿದಳು:

"ಅಯ್ಯನವರೇ, ನಮ್ಮನೆ ಕಡೆ ತಿರುಗಿದ್ರೋ ನಾಯಿ ಛೂ ಬಿಡ್ತೀನಿ! ನನಗಿರೋದು ಒಬ್ಬನೇ!"

"ನಿಮ್ಮನೆಗಲ್ಲಮ್ಮ."

"ಹಾಗಾದ್ರೆ ನಿಲ್ಲಬೇಡಿ, ಬೇಗ ಕಾಲು ಹಾಕಿ!"

ಊರು ಹಿಂದಾಯಿತು. ದಾರಿಯ ತಿರುವಿನಲ್ಲಿ ಮುದಿ ನೀಲಗಿರಿ ಮರ. ಗಾಳಿಯಿಲ್ಲ... ಆದರೂ ಸುಲಿದ ತೊಗಟೆ ಕಾಂಡಕ್ಕೆ ಉಜ್ಜುತ್ತಿತ್ತು. ಸರ್... ಸರ್... ಆಮೇಲೆ ಹಿಂದಿನಿಂದ ಲಾಳ ಹೊಡೆದ ಬೂಟು. ಟಕ್. ಟಕ್. ಪಾದ್ರಿಗಳು ನಿಂತರು. ಸದ್ದು ನಿಲ್ಲಲಿಲ್ಲ. ಪಕ್ಕಕ್ಕೇ ಬಂತು.

"ಯಾರ ಮನೆಗೆ, ಅಯ್ಯನವರೇ?"

ಪಿಸುದನಿ. ಗುರುತಿನ ದನಿ.

"ಕ್ಲೆಮ್..."

"ಗೊತ್ತು ಬಿಡಿ. ಹೆಸರನ್ನಾದ್ರೂ ಸರಿಯಾಗಿ ಬರೆದಿದ್ದಾರಾ?" ಅವನು ನಕ್ಕಿದ್ದು ಕೆಮ್ಮಿದಂತೆ ಕೇಳಿಸಿತು.

"ಮಗಾ, ನಿನ್ನ ಆತ್ಮಕ್ಕೆ..."

"ಪ್ರಾರ್ಥನೆ ಬೇಡ. ಆ ಕಾಗದಗಳೆಲ್ಲ ಸುಳ್ಳು. ಬರೆದವನೇ ಹೇಳ್ತಿದೀನಿ. ನಾನು ಮುಳ್ಳುತಂತಿ ಮೇಲೆ ಎರಡು ಹಗಲು ಇದ್ದೆ, ಬದುಕೇ ಇದ್ದೆ, ಒಂದು ಹನಿ ನೀರಿಗೆ ಕೂಗ್ತಾ. ನಮ್ಮಮ್ಮನ ಹತ್ರ ಅಷ್ಟು ಹೇಳಿ. ಇನ್ನೊಂದು ಸುಳ್ಳು ಬೇಡ."

"ಹೆತ್ತ ಕರುಳು ಕಣೋ... ತಡ್ಕೋತಾಳಾ?"

"ನಾವು ತಡ್ಕೊಂಡ್ವಲ್ಲ."

ಟಕ್. ಟಕ್... ಮುಂದೆ ಕೇಳಿಸಿದ್ದು ಪಾದ್ರಿಗಳ ಹೆಜ್ಜೆ ಮಾತ್ರ.

ವಾರ್ಕೋ ಮನೆಯ ಕದ ತಟ್ಟುವ ಮೊದಲೇ ತೆರೆಯಿತು. ತಾಯಿ ಹಾನರ್ ಆಗಲೇ ಕಪ್ಪುಡುಗೆ ತೊಟ್ಟು ನಿಂತಿದ್ದಳು. ತಂತಿಯನ್ನು ಓದದೆ ಮಡಿಚಿದಳು.

"ನರಳಿದನಾ?"

ಟ್ರೆಂಬತ್ತರು ಬಾಯಿ ತೆರೆದರು. ನಿಜವನ್ನೇ ಹೇಳಬೇಕೆಂದು ತೆರೆದರು. ಆದರೆ ನಾಲಿಗೆಯು ಹನ್ನೊಂದು ಬಾರಿ ತುಳಿದ ಹಾದಿಯನ್ನೇ ಹಿಡಿಯಿತು.

"ಇಲ್ಲ, ತಾಯಿ. ಒಂದೇ ಕ್ಷಣ. ನೋವೇ ತಿಳಿಯಲಿಲ್ಲ."

ಅವಳು ಕದಕ್ಕೆ ಕೈಯಿಟ್ಟಳು.

"ನಿಮಗಿಂತ ಮುಂಚೆನೇ ಬಂದಿದ್ದ," ಎಂದಳು. "ಎರಡು ಹಗಲು ಅಂದ, ಬಾಯಾರಿದೆ ಅಂದ. ಅಯ್ಯನವರು ಏನು ಹೇಳ್ತಾರೋ ಕೇಳಮ್ಮ, ಅಂದ."

ಕದ ಮೆಲ್ಲಗೆ ಮುಚ್ಚಿಕೊಂಡಿತು.

ಮುಂದಿನ ಭಾನುವಾರ ಟ್ರೆಂಬತ್ತರು ಪೀಠವನ್ನು ಹತ್ತಲಿಲ್ಲ, ಬದುಕಿರುವವರೆಗೂ ಹತ್ತಲಿಲ್ಲ.

ಆ ರಾತ್ರಿಯ ಮರುಬೆಳಗ್ಗೆ ಹಾನರಳನ್ನು ಕಾಣಲು ಹೋದ ಹ್ಯಾರಿಯೆಟ್, ಕೈ ತೊಳೆಯಲೆಂದು ಹಿತ್ತಲಿಗೆ ನಡೆದಳು. ಮಳೆನೀರು ಹಿಡಿಯುವ ಆಳೆತ್ತರದ ತಗಡಿನ ತೊಟ್ಟಿ ಅಲ್ಲಿತ್ತು. ಹಿಂದಿನ ವಾರದ ಮಳೆಗೆ ಕಂಠಮಟ್ಟ ತುಂಬಿತ್ತು. ನಲ್ಲಿ ತಿರುಗಿಸಿದಳು. ಹನಿಯಿಲ್ಲ. ಗೆಣ್ಣಿನಿಂದ ಬಡಿದಳು. ಢಣ್... ಮೇಲಿನಿಂದ ತಳದವರೆಗೂ ಢಣ್. ಎಲ್ಲಿಯೂ ತೂತಿರಲಿಲ್ಲ. ಕೆಳಗಿನ ಮಣ್ಣು ಒಣಗಿ ಬಿರುಕುಬಿಟ್ಟಿತ್ತು.

ಹ್ಯಾರಿಯೆಟ್ ತೊಂಬತ್ತರ ವಯಸ್ಸಿನವರೆಗೆ ಬದುಕಿದ್ದಳು. ಅವಳ ಬಾಯಿಂದಲೇ ಕೇಳಿದ್ದೇನೆ. ಒಂದು ಮಾತೂ ಸೇರಿಸಿಲ್ಲ.