ರಾಜಿಯ ಸೇಂದಿ

ಆದೋನಿ ಕೋರ್ಟಿನ ಜಗಲಿಯಲ್ಲಿ ತನ್ನ ವಾಯಿದೆಗೆ ಕಾಯುತ್ತ ಕೂತಿದ್ದ ಹತ್ತಿ ವ್ಯಾಪಾರಿ ಮರಿಬಸಪ್ಪನ ಕಿವಿಗೆ ಪಕ್ಕದವರ ಮಾತು ತಾನಾಗಿಯೇ ಬೀಳುತ್ತಿತ್ತು. ಒಬ್ಬ ಲಾರಿ ಡ್ರೈವರ್ ಆಂಜನೇಯ, ಇನ್ನೊಬ್ಬ ಗೋನೆಗಂಡ್ಲದ ಮುದಿ ಕುರಿಗಾರ ಉಚ್ಚೀರಪ್ಪ.

“ಕುಡಿದು ಲಾರಿ ಹೊಡದಿ ಅಂತ ಕೇಸು ಹಾಕ್ಯಾರ, ಮಾವ. ಲೈಸೆನ್ಸ್ ಹೋದ್ರ ನನ್ನ ಬಾಳೇ ಹೋತು.”

“ಠಾಣ್ಯಾಗ ಒಪ್ಪಿಕೊಂಡಿಯಂತಲ್ಲೋ?”

“ಪೊಲೀಸರ ಮುಂದ ಒಪ್ಪಿದ್ದು ಕೋರ್ಟಿನಾಗ ನಡಿಯಂಗಿಲ್ಲ ಅಂದಾರ ವಕೀಲರು. ಲಾರಿ ನಿಲ್ಲಿಸಿದ ಮ್ಯಾಲೆ ಕುಡಿದೆ ಅಂತ ನೀ ಸಾಕ್ಷಿ ಹೇಳಿದ್ರ ಸಾಕು.”

“ಹೇಳ್ತೀನಿ. ಕುಡಿಸಿದಾವ ನಾನೇ ಅಲ್ಲೇನು?”

“ಯಾಕ ಕುಡಿಸಿದಿ ಅಂತ ಕೇಳ್ತಾರ. ಲಾರಿಗೆ ನಿನ್ನ ಟಗರು ಸಿಕ್ಕು ಸತ್ತದ್ದು, ನಾವು ರಾಜಿ ಆಗಿ ಒಂದೇ ಗಡಿಗಿಯಿಂದ ಸೇಂದಿ ಕುಡಿದದ್ದು, ಆಮ್ಯಾಲೆ ಪೊಲೀಸರು ಬಂದು ನನ್ನ ಬಾಯಿ ಮೂಸಿದ್ದು, ಎಲ್ಲಾ ಹೇಳು.”

“ಟಗರಿನ ಮಾತು ಹೆಂಗ ಹೇಳ್ಲೋ ಅಳಿಯ? ರಾಜಿ ಸೇಂದಿ ಕುಡಿದ ಮ್ಯಾಲೆ ಸತ್ತ ಜೀವದ ಮಾತು ಯಾರ ಮುಂದೂ ಎತ್ತಂಗಿಲ್ಲ. ನಮ್ಮಪ್ಪನೂ ಎತ್ತಿದಾವಲ್ಲ.”

“ಎತ್ತದಿದ್ರ ನಾ ಜೈಲಿಗೆ ಹೋಗ್ತೀನಿ!”

“ಹೆದರಬ್ಯಾಡ. ನಿನ್ನ ಮ್ಯಾಲೆ ದೂರು ಹೇಳಾಕ ಬಂದೀನೇನು ನಾನು?”

ಜವಾನ ಇಬ್ಬರ ಹೆಸರನ್ನೂ ಕೂಗಿದ. ಉಚ್ಚೀರಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಹೊಸ್ತಿಲಲ್ಲಿ ಆಂಜನೇಯ ಅವನ ರಟ್ಟೆ ಹಿಡಿದ.

“ಕೈ ಮುಗೀತೀನಿ ಮಾವ, ಟಗರಿನ ಮಾತು ಮರೀಬ್ಯಾಡ.”

“ಯಾವ ಟಗರು?” ಅಂದ ಉಚ್ಚೀರಪ್ಪ, ಒಳಗೆ ಹೋದ.