ಒಂದೇ ಸಲ ಕರೆದಾಕಿ

ಕಂದೀಲ ಸಣ್ಣದು ಮಾಡ್ರಿ, ಹೇಳತೀನಿ. ಮಂದಿ ಆಡಿಕೊಂಡ ಮಾತಲ್ಲ ಇದು… ನಮ್ಮ ಕಲ್ಲಣ್ಣ ಮಾಮಾ ಕಣ್ಣಾರೆ ಕಂಡದ್ದು.

ಆ ರಾತ್ರಿ ಮಾಮಾ ಸೋಲಾಪುರದ ಗಾಡಿ ಇಳಿದು ವಾಗದರಿಗೆ ನಡಕೋತ ಬರಾಕತ್ತಿದ್ದ. ಆಲದ ಗಿಡದ ಬಾಂವಿ ದಾಟಿದ. ಮುಂದ ಸಪ್ಪಳ. ಪಚಕ್… ಪಚಕ್… ತೊಯ್ದ ಸೀರಿ ಕಾಲಿಗೆ ಬಡಿಯೋ ಸಪ್ಪಳ. ಒಬ್ಬ ಹುಡುಗಿ. ನೆಟ್ಟಗ ಮಾಮಾನ ಬಾಜೂ ಮನಿಗೆ, ಗುರಮ್ಮನ ಬಾಗಿಲಿಗೆ ಹೋಗಿ ನಿಂತಳು. ‘ಅವ್ವಾ…’ ಅಂದಳು. ಒಂದೇ ಸಲ. ಆಮ್ಯಾಲ ಕೈ ಕಟ್ಟಿ ಸುಮ್ಮನ ನಿಂತಳು.

ಮಾಮಾ ತನ್ನ ಬಾಗಿಲ ಮರಿಗೆ ಸರಿದು ನಿಂತ. ಆ ದನಿ ಗುರಮ್ಮನ ಮಗಳು ದ್ರೌಪದೀದು. ಹೋದ ದೀಪಾವಳಿಗೆ ಆಕಿ ಹೆಣಾ ಅದೇ ಬಾಂವಿಯಿಂದ ಎತ್ತಿದವರೊಳಗ ಮಾಮಾನೂ ಒಬ್ಬ.

ಆ ಹುಡುಗಿ ನಶೀಬ ಏನಂತ ಹೇಳಲಿ… ಗುರಮ್ಮಗ ಒಬ್ಬಾಕಿ ಮಗಳು. ಆಟ ಆಡೋ ವಯಸ್ಸಿನ್ಯಾಗ, ದೊಡ್ಡ ಜ್ವರದ ವರ್ಷ, ಆಕಿ ಗಂಡ ಸತ್ತ. ಮೂಲ್ಯಾಗ ಕುಂತು ಕೊಳೀಬಾರದು ಅಂತ ಅವ್ವ ಸೋಲಾಪುರದ ಮಿಷನ್ ಬೋರ್ಡಿಂಗಿಗೆ ಹಾಕಿದಳು. ಅಲ್ಲಿ ಗಂಟಿ ಬಾರಿಸಿದರ ಏಳಬೇಕು, ಗಂಟಿ ಬಾರಿಸಿದರ ಉಣ್ಣಬೇಕು, ಉಂಡ ಗಂಗಾಳ ತಾವೇ ತೊಳೆದು ಗ್ವಾಡಿ ಬುಡಕ ಬೋರಲು ಹಾಕಬೇಕು. ಇತ್ತ ಬಳಗದವರು, ಕಿರಿಸ್ತಾನರ ಕೂಡ ಉಂಡಾಕಿ ಹೊಸ್ತಿಲಾ ದಾಟಬಾರದು ಅಂದರು. ಗುರಮ್ಮ ಕಿವಿಗೆ ಹಾಕ್ಕೊಳ್ಳಲಿಲ್ಲ. ದೀಪಾವಳಿ ಸೂಟಿಗೆ ಬಾ, ಬಾಗಿಲಾ ನಾ ತೆಗೀತೀನಿ ಅಂತ ಮಗಳಿಗೆ ಹೇಳಿಕಳಿಸಿದಳು.

ಬಂದಳು. ಗಾಡಿ ತಡ ಆಗಿ ಸರಿರಾತ್ರಿಗೆ ಬಂದಳು. ಒಮ್ಮೆ ಕರೆದಳು. ಗುರಮ್ಮ ಒಳಗ ಎಚ್ಚರ ಇದ್ದಳು. ಆದರ ನಮ್ಮ ಕಡಿ ರೂಢಿ ನಿಮಗ ಗೊತ್ತದಲ್ಲ… ರಾತ್ರಿ ಹೊತ್ತು ಮೂರು ಸಲ ಕರೆಯೋತನಕ ಓ ಅನ್ನಬಾರದು. ದೆವ್ವ ಮೂರನೇ ಸಲ ಕರೆಯೂದಿಲ್ಲ. ಉಸಿರು ಹಿಡಿದು ಎರಡನೇ ಕೂಗಿಗೆ ಕಾದಳು. ಅದು ಬರಲೇ ಇಲ್ಲ. ಕಾಲು ಜಾರಿತೋ, ತಾನೇ ಹಾರಿದಳೋ… ಮುಂಜಾನೆ ಬಾಂವ್ಯಾಗ ಸಿಕ್ಕಳು.

ಮಣ್ಣಾದ ಮ್ಯಾಲ ಬೋರ್ಡಿಂಗಿನ ಮಿಸ್ಸಬಾಯಿ ಬಂದು ಅತ್ತಳು. ಯಾರ ಬಾಗಿಲಿಗೆ ಹೋದರೂ ಒಮ್ಮೆ ಕರೆದು ಸುಮ್ಮನ ನಿಲ್ಲಬೇಕು, ತೆಗೀದಿದ್ದರ ಹೊಳ್ಳಿ ಹೋಗಬೇಕು ಅಂತ ಬೋರ್ಡಿಂಗಿನ್ಯಾಗ ಕಲಿಸಿದ್ದರಂತ. ಗುರಮ್ಮ ಕೇಳಿ ಎದಿ ಎದಿ ಬಡಕೊಂಡಳು. ಅವತ್ತಿನಿಂದ ದಿನಾ ರಾತ್ರಿ ಎರಡು ಗಂಗಾಳ ಬಡಿಸಿ, ಬಾಗಿಲ ಕಡಿ ಕಿವಿ ಇಟ್ಟು ಕೂಡತಿದ್ದಳು.

ಇತ್ತ ಆ ರಾತ್ರಿ ಮಾಮಾ ನೋಡಾಕತ್ತಿದ್ದಂಗ… ಬಾಗಿಲ ಅಗಳಿ ಖಡಕ್ ಅಂತು. ತಾಯಿ ಈ ಸಲ ಕಾಯಲಿಲ್ಲ.

‘ಓ… ಬಂದೆ.’

‘ಒಳಗ ಬರಲೇನವ್ವಾ?’

‘ಬಾ ನನ ಮಗಳ. ಉಣ್ಣು ಬಾ.’

ಬಾಗಿಲಾ ಮುಚ್ಚಿತು.

ಮುಂಜಾನೆ ಮಾಮಾ ಹೋಗಿ ನೋಡಿದ. ಗುರಮ್ಮ ಒಲಿ ಮುಂದ ಗಾಢ ನಿದ್ದಿಯೊಳಗ ಇದ್ದಳು. ಆಕಿ ಗಂಗಾಳ ಎಂಜಲಾಗೇ ಬಿದ್ದಿತ್ತು. ಇನ್ನೊಂದು ಗಂಗಾಳ ಗ್ವಾಡಿ ಬುಡಕ ಇತ್ತು… ತೊಳೆದು, ಬೋರಲು ಹಾಕಿ. ಸುಳ್ಳು ಅನಿಸಿದರ ನಾಳೆ ಮಾಮಾನ್ನೇ ಕೇಳ್ರಿ. ಆ ಗಂಗಾಳದ ಮ್ಯಾಲಿನ ನೀರು ಇನ್ನೂ ಆರಿದ್ದಿಲ್ಲ.